ಪಾದ ತೊಳೆಯುವ ಅಧಿಕಾರ

(ಶತಮಾನೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟರು. ಕಟ್ಟಿಸಿದವರ ಹೆಸರುಗಳು ನಮಗೆ ತಿಳಿದಿವೆ. ಕಲ್ಲು ಹೊತ್ತವರ ಹೆಸರುಗಳು ದೇವರಿಗೆ ಮಾತ್ರ ತಿಳಿದಿವೆ. ಈ ಇಬ್ಬರನ್ನೂ ಕೃತಜ್ಞತೆಯಿಂದ ಸ್ಮರಿಸಿ, ನನಗೆ ವಹಿಸಿರುವ ವಿಷಯಕ್ಕೆ ಬರುತ್ತೇನೆ. ಕ್ರೈಸ್ತ ಜೀವನದಲ್ಲಿ ಅಧಿಕಾರವನ್ನು ಹೇಗೆ ಬಳಸಬೇಕು ಎಂಬುದೇ ಆ ವಿಷಯ.

ಅಧಿಕಾರದ ಆಸೆ ಹೊಸದೇನಲ್ಲ. ಜೆಬೆದಾಯನ ಮಕ್ಕಳಾದ ಯಾಕೋಬ, ಯೊವಾನ್ನರು ಪ್ರಭುವಿನ ಬಲಗಡೆ ಎಡಗಡೆಗಳಲ್ಲಿ ತಮಗೆ ಸ್ಥಾನ ಬೇಕೆಂದು ಕೇಳಿಕೊಂಡರು. ಉಳಿದ ಹತ್ತು ಮಂದಿ ಅದನ್ನು ಕೇಳಿ ಕೋಪಗೊಂಡರು. ಹೊರಗಿನ ಅರಸರ ರೀತಿ ನಿಮ್ಮಲ್ಲಿ ಇರಕೂಡದು, ದೊಡ್ಡವನಾಗಬೇಕೆನ್ನುವವನು ಸೇವಕನಾಗಬೇಕು ಎಂದು ಪ್ರಭು ಅವರೆಲ್ಲರಿಗೂ ತಿಳಿಯಹೇಳಿದರು. ಕೊನೆಯ ಭೋಜನದ ರಾತ್ರಿ ಅದನ್ನೇ ಮಾಡಿ ತೋರಿಸಿದರು. ಮೇಲುಡುಗೆಯನ್ನು ತೆಗೆದಿಟ್ಟು, ನಡುವಿಗೆ ವಸ್ತ್ರ ಕಟ್ಟಿಕೊಂಡು, ಆಳಿನ ಕೆಲಸವೆಂದು ಎಣಿಸಲಾಗಿದ್ದ ಪಾದ ತೊಳೆಯುವ ಕೆಲಸವನ್ನು ಕೈಗೆತ್ತಿಕೊಂಡರು. ಆದರೂ ತಾವು ಗುರುವಲ್ಲ, ಪ್ರಭುವಲ್ಲ ಎಂದು ಅವರು ಹೇಳಲಿಲ್ಲ. ಅಧಿಕಾರವನ್ನು ತ್ಯಜಿಸದೆ, ಅದರ ನಿಜಸ್ವರೂಪವನ್ನು ತೋರಿಸಿಕೊಟ್ಟರು.

ಪವಿತ್ರ ಗುರುವಾರದಂದು ನಾವು ಪ್ರತಿವರ್ಷ ಈ ಘಟನೆಯನ್ನು ಧ್ಯಾನಿಸುತ್ತೇವೆ. ತೊಳೆದವರ ದೀನತೆಯನ್ನು ಕೊಂಡಾಡುತ್ತೇವೆ. ತೊಳೆಸಿಕೊಳ್ಳಲು ಒಪ್ಪದಿದ್ದ ಪೇತ್ರನನ್ನು ಮರೆಯುತ್ತೇವೆ. ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳ ವಾಗ್ದಾನವನ್ನು ಪಡೆದಿದ್ದವನು ಆತನೇ. ಪಾದ ಒಡ್ಡದಿದ್ದರೆ ತನ್ನೊಂದಿಗೆ ಪಾಲಿಲ್ಲವೆಂದು ಪ್ರಭು ಎಚ್ಚರಿಸಿದ್ದೂ ಆತನನ್ನೇ. ಇದರಲ್ಲಿ ನಮ್ಮಂಥವರಿಗೆ ದೊಡ್ಡ ಪಾಠವಿದೆ. ಸೇವೆ ಮಾಡಲು ನಮ್ಮಲ್ಲಿ ಅನೇಕರು ಸಿದ್ಧರು. ಆದರೆ ನಮ್ಮ ಕಾಲಿಗೂ ಧೂಳು ಹತ್ತಿದೆಯೆಂದು ಇನ್ನೊಬ್ಬರು ಹೇಳಿದಾಗ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತೇವೆ. ಹೀಗೆ ತಿದ್ದುಪಡಿಗೆ ಒಪ್ಪದ ಸೇವೆಯು ಬಹುಬೇಗನೆ ದಬ್ಬಾಳಿಕೆಯಾಗಿ ಮಾರ್ಪಡುತ್ತದೆ.

ಇದಕ್ಕೆ ನನ್ನದೇ ಉದಾಹರಣೆಯನ್ನು ಕೊಡುತ್ತೇನೆ. ಬಹಳ ವರ್ಷಗಳ ಹಿಂದೆ ಹಬ್ಬದ ಸಮಿತಿಯ ಲೆಕ್ಕಪತ್ರ ನನ್ನ ಕೈಯಲ್ಲಿತ್ತು. ಒಂದು ಸಭೆಯಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ವೃದ್ಧೆಯೊಬ್ಬರು ಎದ್ದು ನಿಂತು, "ಗಂಟೆಯ ದುರಸ್ತಿಗೆಂದು ಕೊಟ್ಟ ಹಣ ಏನಾಯಿತು?" ಎಂದು ಕೇಳಿದರು. "ಮನೆ ಕೆಲಸ ಬಿಟ್ಟು ನಾವು ದುಡಿಯುತ್ತಿದ್ದೇವೆ, ಲೆಕ್ಕ ಕೇಳಲು ನೀವು ಯಾರು?" ಎಂದು ನಾನು ಗದರಿಸಿಬಿಟ್ಟೆ. ಅವರು ತಲೆತಗ್ಗಿಸಿ ಕುಳಿತರು. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಇರಲಿಲ್ಲ. ತಪ್ಪೆಲ್ಲ ನನ್ನ ನಾಲಗೆಯಲ್ಲಿತ್ತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಎಲ್ಲರೆದುರು ಲೆಕ್ಕವನ್ನು ಓದಿ, ಅವರಲ್ಲಿ ಕ್ಷಮೆ ಬೇಡಿದೆ. "ಸಂಶಯದಿಂದ ಕೇಳಲಿಲ್ಲ ಮಗನೇ, ನಾನು ಕೊಟ್ಟದ್ದು ಗಂಟೆಗೆ ಸೇರಿತೋ ಎಂದು ತಿಳಿಯುವ ಆಸೆಯಿತ್ತು" ಎಂದರು ಆ ತಾಯಿ. ಅಂದು ನನ್ನ ಪಾದಗಳನ್ನು ತೊಳೆದವರು ಅವರು.

ಈ ಪಾಠವನ್ನು ಧರ್ಮಸಭೆಯು ಆದಿಯಿಂದಲೂ ಕಲಿಯುತ್ತ ಬಂದಿದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಊಟಕ್ಕೆ ಕೂರದೆ ಹಿಂದೆ ಸರಿದಾಗ, ಪೌಲನು ಮುಖಾಮುಖಿಯಾಗಿ ಆತನನ್ನು ಖಂಡಿಸಿದನು. ಇದರಿಂದ ಪೇತ್ರನ ಹಿರಿಮೆ ಕುಂದಲಿಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ, ಮಹತ್ವದ ವಿಷಯ ಬಂದಾಗ ಮಠಾಧಿಪತಿಯು ಕಿರಿಯರನ್ನೂ ಸೇರಿಸಿಕೊಂಡು ಸಮಸ್ತರ ಸಲಹೆಯನ್ನು ಕೇಳಬೇಕೆಂದು ವಿಧಿಸಿದರು. ತೀರ್ಮಾನವು ಮಠಾಧಿಪತಿಯದೇ, ಆದರೆ ಕೇಳಿದ ನಂತರ. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಗ್ರೆಗೋರಿಯವರು ತಮ್ಮನ್ನು 'ದೇವರ ಸೇವಕರ ಸೇವಕ'ನೆಂದು ಕರೆದುಕೊಂಡರು. 1964ರ ನವೆಂಬರಿನಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ, ಜಗದ್ಗುರು ಆರನೆಯ ಪೌಲರು ತಮ್ಮ ಮೂರು ಸುತ್ತಿನ ಕಿರೀಟವನ್ನು ಬಡವರಿಗಾಗಿ ಬಲಿಪೀಠದ ಮೇಲಿರಿಸಿದರು. ಮರುತಿಂಗಳು ಮುಂಬಯಿಗೆ ಬಂದಾಗ, ತಾವು ಬಳಸಿದ ಕಾರನ್ನು ಮದರ್ ತೆರೇಸಾರ ಸೇವಾಕಾರ್ಯಕ್ಕೆ ಕೊಟ್ಟುಹೋದರು.

ಕಿರೀಟವನ್ನು ಇಳಿಸುವ ಭಾಗ್ಯ ನಮಗಿಲ್ಲ. ಲೆಕ್ಕದ ಪುಸ್ತಕವನ್ನು ತೆರೆಯುವ ಭಾಗ್ಯವಿದೆ. 1983ರ ಧರ್ಮಸಭೆಯ ಕಾನೂನು ಪ್ರತಿ ವಿಚಾರಣೆಯಲ್ಲಿಯೂ ಆರ್ಥಿಕ ಸಮಿತಿ ಇರಲೇಬೇಕೆನ್ನುತ್ತದೆ. ಭಕ್ತರು ಅರ್ಪಿಸಿದ ಸ್ವತ್ತಿನ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆನ್ನುತ್ತದೆ. ಧರ್ಮಸಭೆಯ ಹಿತದ ವಿಷಯವಾಗಿ ತಮ್ಮ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಪಾಲಕರಿಗೆ ತಿಳಿಸುವ ಹಕ್ಕನ್ನು, ಕೆಲವೊಮ್ಮೆ ಕರ್ತವ್ಯವನ್ನೂ, ಭಕ್ತರಿಗೆ ಕೊಡುತ್ತದೆ. ಇವು ಒಣ ಕಾನೂನುಗಳಲ್ಲ. ಆ ರಾತ್ರಿಯ ನೀರಿನ ಬೋಗುಣಿಯೇ ಇಂದು ಈ ರೂಪದಲ್ಲಿ ನಮ್ಮ ಮುಂದಿದೆ.

ಕೇಳುವವರಿಗೂ ಒಂದು ಮಾತು. ಪಾದ ತೊಳೆಯುವವನು ಬಗ್ಗಿ ತೊಳೆಯುತ್ತಾನೆ, ನಿಂತು ಕೆಸರೆರಚುವುದಿಲ್ಲ. ಹಿರಿಯರ ತಪ್ಪನ್ನು ಬೀದಿಯಲ್ಲಿ ಆಡಿಕೊಳ್ಳುವುದು ತಿದ್ದುವಿಕೆಯಲ್ಲ. ಮನೆಯಲ್ಲಿಯೂ ಇದೇ ನ್ಯಾಯ. ಮಗನನ್ನು ದಂಡಿಸುವ ತಂದೆ, ತಾನು ತಪ್ಪಿದಾಗ ಆ ಮಗನೆದುರು ಒಪ್ಪಿಕೊಂಡರೆ, ಆತನ ಮಾತಿಗೆ ತೂಕ ಹೆಚ್ಚುತ್ತದೆ.

ಪ್ರಿಯರೇ, ಗುರಿಕಾರರಾಗಿರಲಿ, ಸಮಿತಿಯವರಾಗಿರಲಿ, ಮನೆಯ ಯಜಮಾನರಾಗಿರಲಿ, ಈ ರಾತ್ರಿ ನಮ್ಮನ್ನು ನಾವೇ ಕೇಳಿಕೊಳ್ಳೋಣ: ನನಗೆ ಸತ್ಯ ಹೇಳಲು ಹೆದರುವವರು ಯಾರಾದರೂ ಇದ್ದಾರೆಯೇ? ಇದ್ದರೆ, ನಾಳೆ ಅವರ ಬಳಿಗೆ ನಾವೇ ಹೋಗೋಣ. ಈ ದೇವಾಲಯದ ಎರಡನೆಯ ಶತಮಾನವು ಆ ಹೆಜ್ಜೆಯಿಂದ ಆರಂಭವಾಗಲಿ. ಶಿಷ್ಯರ ಪಾದಗಳನ್ನು ತೊಳೆದ ಪ್ರಭು ನಮ್ಮೆಲ್ಲರನ್ನೂ ಹರಸಲಿ.