ಬಿಸಿಲು, ನೀರು ಮತ್ತು ಜಲಜನಕ
(ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಅನೇಕರು ಬಸವನಗುಡಿಗೆ ಹೋಗಿ, ದೊಡ್ಡ ಬಸವಣ್ಣನಿಗೆ ಕೈಮುಗಿದು ಬಂದಿರುತ್ತೀರಿ. ಅದೇ ಬಸವನಗುಡಿಯಲ್ಲಿ 1934ರಲ್ಲಿ ಹುಟ್ಟಿದವರು ಪ್ರೊ. ಸಿ.ಎನ್.ಆರ್. ರಾವ್. 2014ರಲ್ಲಿ ಭಾರತರತ್ನ ಪಡೆದ ಈ ವಿಜ್ಞಾನಿ ಮತ್ತು ಅವರ ತಂಡದವರು ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ, ಬಿಸಿಲಿನ ಬಲದಿಂದ ನೀರನ್ನು ಒಡೆದು ಜಲಜನಕ ತೆಗೆಯುವ ಬಗ್ಗೆ ಸಂಶೋಧನೆ ನಡೆಸಿದ್ದಾರೆ.

ದನದ ಡಾಕ್ಟರಿಗೆ ಈ ಮಾತೇಕೆ ಎನ್ನುತ್ತೀರಾ? ನಮ್ಮ ಸದಸ್ಯರೊಬ್ಬರು ನನಗೊಂದು ಪೆಟ್ಟಿಗೆ ತೋರಿಸಿ, "ಡಾಕ್ಟ್ರೇ, ಇದನ್ನು ಮೇವು ಕತ್ತರಿಸುವ ಇಂಜಿನ್ನಿಗೆ ಹಾಕಿದರೆ ಡೀಸೆಲ್ ಬೇಡವಂತೆ, ನೀರಿನಲ್ಲೇ ಓಡುತ್ತದಂತೆ" ಎಂದರು. ಎರಡು ಬಟವಾಡೆಯ ಹಣವನ್ನು ಮುಂಗಡ ಕೊಟ್ಟಾಗಿತ್ತು. ಇಂಜಿನ್ ಓಡಲಿಲ್ಲ. ಮಾರಿದವನೂ ಮತ್ತೆ ಬರಲಿಲ್ಲ.

ನೀರಿನಲ್ಲಿ ಜಲಜನಕ ಇರುವುದು ನಿಜ. 9 ಲೀಟರ್ ನೀರನ್ನು ಒಡೆದರೆ 1 ಕೆ.ಜಿ. ಜಲಜನಕ, 8 ಕೆ.ಜಿ. ಆಮ್ಲಜನಕ ಸಿಗುತ್ತವೆ. ಜಲಜನಕ ಉರಿದರೆ ಹೊಗೆ ಇಲ್ಲ, ಮತ್ತೆ ನೀರೇ ಆಗುತ್ತದೆ. ಆದರೆ ಉರಿದಾಗ ಎಷ್ಟು ಶಕ್ತಿ ಬರುತ್ತದೆಯೋ, ನೀರನ್ನು ಒಡೆಯಲು ಕನಿಷ್ಠ ಅಷ್ಟನ್ನಾದರೂ ಮೊದಲೇ ಕೊಡಬೇಕು. ಇಂಜಿನ್ನಿನ ಶಕ್ತಿಯಿಂದಲೇ ನೀರು ಒಡೆದು ಅದೇ ಇಂಜಿನ್ ಓಡಿಸುತ್ತೇನೆ ಎನ್ನುವುದು, ಹಸುವಿನ ಹಾಲನ್ನು ಹಸುವಿಗೇ ಕುಡಿಸಿ ಡೇರಿಗೂ ಹಾಲು ಹಾಕುತ್ತೇನೆ ಎಂದ ಹಾಗೆ.

ಆ ಶಕ್ತಿಯನ್ನು ಬಿಸಿಲಿನಿಂದ ಪಡೆಯುವುದೇ ವಿಜ್ಞಾನಿಗಳ ದಾರಿ. ಇದನ್ನು ಕಲಿಸಿದ ಗುರು ನಿಮ್ಮ ಬದುವಿನ ಹುಲ್ಲು. ಹಸಿರೆಲೆ ಬಿಸಿಲಿನಲ್ಲಿ ನೀರನ್ನು ಒಡೆದು ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಉಳಿದುದನ್ನು ಇಂಗಾಲದ ಡೈ ಆಕ್ಸೈಡ್ ಜೊತೆ ಕೂಡಿಸಿ ಸಕ್ಕರೆ, ನಾರು ಮಾಡಿಕೊಳ್ಳುತ್ತದೆ. ಹಸು ಅದನ್ನು ಮೇಯ್ದು ಹಾಲು ಕೊಡುತ್ತದೆ.

ಎಲೆಯ ಕೆಲಸವನ್ನು ಬೆಳಕು ಹೀರುವ ಪುಡಿ ಅಥವಾ ಫಲಕದಿಂದ ಮಾಡಿಸಬಹುದೆಂದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಟೈಟಾನಿಯಂ ಡೈ ಆಕ್ಸೈಡ್ ಬಿಸಿಲಿನ ಅಲ್ಪ ಭಾಗವನ್ನಷ್ಟೇ ಹೀರುತ್ತದೆ. ಕ್ಯಾಡ್ಮಿಯಂ ಸಲ್ಫೈಡ್ ಹೆಚ್ಚು ಹೀರುತ್ತದೆ, ಆದರೆ ಬೆಳಕಿನಲ್ಲಿ ತಾನೇ ಸವೆಯುತ್ತದೆ. ಜಲಜನಕ, ಆಮ್ಲಜನಕ ಬೆರೆತರೆ ಕಿಡಿ ತಾಗಿ ಸಿಡಿಯುವ ಅಪಾಯವೂ ಇದೆ. ಆದ್ದರಿಂದಲೇ ಈ ವಿಧಾನ ಇನ್ನೂ ಪ್ರಯೋಗಶಾಲೆಯ ಮಟ್ಟ ದಾಟಿ ರೈತರ ಮನೆಗೆ ಬಂದಿಲ್ಲ.

ಆದರೂ ಇದು ನಮಗೆ ಸಂಬಂಧಪಟ್ಟ ವಿಷಯ. ಯೂರಿಯಾಕ್ಕೆ ಬೇಕಾದ ಅಮೋನಿಯ ತಯಾರಾಗುವುದು ಜಲಜನಕದಿಂದ. ಆ ಜಲಜನಕವನ್ನು ನಮ್ಮಲ್ಲಿ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರು ಒಡೆದು ಜಲಜನಕ ಪಡೆಯುವ ರಾಷ್ಟ್ರೀಯ ಯೋಜನೆಗೆ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಆದರೆ ಅದು ದೊಡ್ಡ ಕಾರ್ಖಾನೆಯ ಕೆಲಸ, ಪೆಟ್ಟಿಗೆಯ ಕೆಲಸವಲ್ಲ.

ನಮ್ಮ ಕೈಗೆ ಈಗಲೇ ಸಿಗುವ ಬಿಸಿಲಿನ ಇಂಧನ ಕೊಟ್ಟಿಗೆಯಲ್ಲಿದೆ. ನಾಲ್ಕೈದು ಹಸುಗಳ ಸುಮಾರು 50 ಕೆ.ಜಿ. ಸಗಣಿಯಿಂದ 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರ ನಡೆಯುತ್ತದೆ, ಒಂದು ಸಂಸಾರದ ಅಡುಗೆಯಾಗುತ್ತದೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ.

ನೀರಿನಿಂದ ಇಂಜಿನ್ ಓಡಿಸುತ್ತೇನೆ ಎಂದು ಯಾರಾದರೂ ಬಂದರೆ, "ನೀರು ಒಡೆಯುವ ಶಕ್ತಿ ಎಲ್ಲಿಂದ ಬರುತ್ತದಪ್ಪಾ?" ಎಂದು ಒಂದು ಮಾತು ಕೇಳಿ. ಉತ್ತರ ಬರುವವರೆಗೆ ಬಟವಾಡೆಯ ಹಣ ನಿಮ್ಮ ಬಳಿಯೇ ಇರಲಿ.