ಸವಳು ಮಣ್ಣಿನ ಮಾಳಿಗೆ

(ಬಳಗದ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರಕ್ಕೆ ಹೊಂದುವ ಮನೆಗಳ ಕುರಿತು ಮಾತನಾಡಬೇಕೆಂದು ಬಳಗದ ಗೆಳೆಯರು ಕೇಳಿದಾಗ ನಮ್ಮ ಮಲೆನಾಡಿನ ಹೆಂಚಿನ ಮನೆಗಳನ್ನೇ ಆರಿಸಿಕೊಳ್ಳಬಹುದಿತ್ತು. ಅದು ನಮಗೆಲ್ಲ ಗೊತ್ತಿರುವ ವಿಷಯ, ಹೊಗಳಿಕೊಳ್ಳುವುದೂ ಸುಲಭ. ಆದರೆ ಇಳಿಜಾರು ಮಾಡು, ಅಗಲವಾದ ಸೂರು, ಜಗಲಿ ಇವಿಷ್ಟೇ ಪರಿಸರಸ್ನೇಹಿ ಎಂದು ತಿಳಿದು, ಬೆಂಗಳೂರಿನ ಬಡಾವಣೆಯಲ್ಲೂ ಹೆಂಚು ಹೊದಿಸಿ ಧನ್ಯರಾಗುವವರನ್ನು ನಾವು ನೋಡುತ್ತಿದ್ದೇವೆ. ಆದ್ದರಿಂದ ಘಟ್ಟದ ಮಳೆ ತಲುಪದ ಐದು ತಾಲ್ಲೂಕುಗಳನ್ನು ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ.

ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳು ಎಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರು ವರ್ಷಗಳಲ್ಲೇ ಮತ್ತೊಂದು ಜಿಲ್ಲೆಯ ಪಾಲಾಯಿತು. ಆಡಳಿತದ ಗೆರೆಗಳು ಹೀಗೆ ಅತ್ತಿತ್ತ ಸರಿದರೂ ಮಣ್ಣು ಮತ್ತು ಮಳೆ ಇದ್ದಲ್ಲೇ ಇವೆ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಅದರ ಮೂರು ಪಟ್ಟಿಗಿಂತ ಹೆಚ್ಚು ಸುರಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ಇಂತಹ ಕಡೆ ಮನೆಯ ಮೊದಲ ಕೆಲಸ ನೀರನ್ನು ಹೊರಗೆ ಓಡಿಸುವುದಲ್ಲ, ಬಿಸಿಲನ್ನು ಹೊರಗೇ ನಿಲ್ಲಿಸುವುದು.

ಈ ಸೀಮೆಗೆ ಬರುವ ಪ್ರವಾಸಿಗರು ಬಾಗಳಿ, ನೀಲಗುಂದ, ಹಿರೇಹಡಗಲಿಗಳ ಚಾಲುಕ್ಯರ ಕಾಲದ ದೇಗುಲಗಳನ್ನು ನೋಡುತ್ತಾರೆ. ಉಜ್ಜಿನಿಯ ಒಳಗಿನ ಕೆತ್ತನೆಯನ್ನು ನೋಡಿ ಬೆರಗಾಗುತ್ತಾರೆ. ಆ ಗುಡಿಗಳಿಗೆ ಹೋಗುವ ಓಣಿಯ ಎರಡೂ ಬದಿಯಲ್ಲಿ ನಿಂತ ಮಣ್ಣಿನ ಮಾಳಿಗೆಯ ಮನೆಗಳ ಮುಂದೆ ಯಾರೂ ನಿಲ್ಲುವುದಿಲ್ಲ. ನಾವು ಸ್ವಲ್ಪ ಹೊತ್ತು ಅಲ್ಲಿ ನಿಲ್ಲೋಣ.

ಮಾಳಿಗೆ ಮನೆಯೆಂದರೆ ಚಪ್ಪಟೆ ಛಾವಣಿಯ ಮನೆ. ಕೆಲವು ಕಡೆ ಇದನ್ನೇ ಮೇಲುಮುದ್ದೆಯ ಮನೆ ಎನ್ನುತ್ತಾರೆ. ಗೋಡೆ ಎರಡು ಅಡಿಯ ಆಸುಪಾಸು ದಪ್ಪ. ಕೆಳಗೆ ಕಲ್ಲು, ಮೇಲೆ ತುಳಿದು ಹದಮಾಡಿದ ಮಣ್ಣು. ಒಳಗೆ ಮರದ ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಹಿರಿಯರು ಇಂದಿಗೂ ಚದರ ಅಡಿಯಲ್ಲಿ ಹೇಳುವುದಿಲ್ಲ, ಎಷ್ಟು ಅಂಕಣ ಎಂದೇ ಹೇಳುತ್ತಾರೆ. ಆ ಸೀಮೆಯಲ್ಲಿ ಸಿಗುವ ಮರದ ಉದ್ದವೇ ಕೋಣೆಯ ಅಗಲವನ್ನು ನಿರ್ಧರಿಸಿದ್ದಕ್ಕೆ ಈ ಮಾತೇ ಸಾಕ್ಷಿ. ಜಂತಿಗಳ ಮೇಲೆ ಸೀಳಿದ ಕಟ್ಟಿಗೆ ಅಥವಾ ಕಲ್ಲಿನ ಚಪ್ಪಡಿ, ಅದರ ಮೇಲೆ ಬಂದರಿಕೆ, ಲಕ್ಕಿಯಂತಹ ಸೊಪ್ಪಿನ ಹಾಸು (ಇದು ಊರಿಂದ ಊರಿಗೆ ಬೇರೆ), ಅದರ ಮೇಲೆ ಸುಮಾರು ಒಂದು ಅಡಿ ಮಣ್ಣು. ಕಿಟಕಿ ಕಡಿಮೆ, ಮಾಳಿಗೆಯಲ್ಲೇ ಬಿಟ್ಟ ಬೆಳಕಿಂಡಿಯಿಂದ ಬೆಳಕು ಬೀಳುತ್ತದೆ, ಹೊಗೆ ಹೋಗುತ್ತದೆ. ಮಳೆ ಬಂದಾಗ ಅದರ ಮೇಲೊಂದು ಕಲ್ಲು ಮುಚ್ಚಿದರಾಯಿತು. ಅದೇ ಸೂರಿನಡಿ ದನಗಳಿಗೂ ಅಂಕಣ, ಜೋಳಕ್ಕೆ ನೆಲದೊಳಗೆ ಹಗೇವು.

ಮಣ್ಣಿನ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಸೆಳೆಯುವುದು ಮಾಳಿಗೆಯ ಮೇಲಿನ ಕೊನೆಯ ಪದರ. ಅದು ಸವಳು ಮಣ್ಣು; ಚೌಳು ಎಂದೂ ಕರೆಯುತ್ತಾರೆ. ಕೃಷಿ ವಿಜ್ಞಾನದಲ್ಲಿ ಇದಕ್ಕೆ ಕ್ಷಾರ ಮಣ್ಣು ಎಂದು ಹೆಸರು. ರಸಸಾರ 8.5ಕ್ಕಿಂತ ಹೆಚ್ಚು, ಜೇಡಿಯ ಕಣಗಳಿಗೆ ಅಂಟಿಕೊಂಡ ಧಾತುಗಳಲ್ಲಿ ಸೋಡಿಯಂ ಪಾಲು ಶೇಕಡಾ 15ಕ್ಕಿಂತ ಹೆಚ್ಚು. ಕ್ಯಾಲ್ಸಿಯಂ ಇದ್ದಾಗ ಜೇಡಿಯ ಕಣಗಳು ಒಂದಕ್ಕೊಂದು ಹತ್ತಿ ಹರಳುಗಟ್ಟುತ್ತವೆ, ನಡುವೆ ರಂಧ್ರಗಳು ಉಳಿಯುತ್ತವೆ, ನೀರು ಇಂಗುತ್ತದೆ. ಸೋಡಿಯಂ ಹೆಚ್ಚಾದರೆ ಕಣಗಳು ಒಂದನ್ನೊಂದು ದೂರ ತಳ್ಳಿ ಚೆದುರುತ್ತವೆ; ಮೊದಲ ಮಳೆಗೇ ಹಾಲಿನಂತೆ ಕರಗಿ ರಂಧ್ರಗಳಿಗೆ ಇಳಿದು ಬೆಣೆ ಹೊಡೆದಂತೆ ಕೂರುತ್ತವೆ. ಆಮೇಲೆ ನೀರು ಕೆಳಗಿಳಿಯುವುದಿಲ್ಲ, ಮೇಲೆಯೇ ಹರಿದು ದೋಣಿಯಿಂದ ಹೊರಗೆ ಬೀಳುತ್ತದೆ. ಹೊಲದಲ್ಲಿ ಇದು ಶಾಪ. ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪಗಳ ನೀರಾವರಿ ಹೊಲಗಳಲ್ಲಿ ಸವಳು ಹೇಗೆ ಹಬ್ಬಿತೆಂಬುದನ್ನು ನೀವು ಬಲ್ಲಿರಿ. ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು ಅದನ್ನು ಹೋಗಲಾಡಿಸುವುದು ಹೇಗೆಂದು ನಮ್ಮ ವಿಶ್ವವಿದ್ಯಾಲಯಗಳು ಕಲಿಸುತ್ತವೆ. ಅದೇ ಗುಣ ಮಾಳಿಗೆಯ ಮೇಲೆ ವರ. ಬೆಳೆ ಬಾರದ ಜಾಗದಿಂದ ಮಣ್ಣು ತರುವುದರಿಂದ ಹೊಲಕ್ಕೂ ನಷ್ಟವಿಲ್ಲ. ಬೀಜ ಬಿದ್ದರೂ ಮಾಳಿಗೆಯ ಮೇಲೆ ಹುಲ್ಲು ಸುಲಭವಾಗಿ ಬೇರೂರುವುದಿಲ್ಲ.

ಇಲ್ಲಿ ಮಣ್ಣುಗಳ ನಡುವೆ ಒಂದು ಹಂಚಿಕೆಯಿತ್ತು. ಕೂಡ್ಲಿಗಿ, ಹರಪನಹಳ್ಳಿಗಳ ಕೆಂಪು ಮಣ್ಣಿನ ಜೇಡಿ ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ, ಒಣಗಿದರೂ ಹೆಚ್ಚು ಬಿರಿಯುವುದಿಲ್ಲ; ಅದು ಗೋಡೆಗೆ. ಎರೆಮಣ್ಣು ಉಬ್ಬಿ ಕುಗ್ಗಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಅದು ಜೋಳಕ್ಕೆ. ಸವಳು ಮಾಳಿಗೆಗೆ. ರಸಸಾರದ ಲೆಕ್ಕ ತಿಳಿಯದವರು ಮಾಡಿದ ಈ ವಿಂಗಡಣೆಯಲ್ಲಿ ತಿದ್ದುವುದಕ್ಕೆ ನನಗೇನೂ ಕಾಣುವುದಿಲ್ಲ.

ಈಗ ಬಿಸಿಲಿನ ಮಾತು. ನಾಲ್ಕೈದು ಇಂಚಿನ ಕಾಂಕ್ರೀಟ್ ತಾರಸಿಯ ಮೇಲೆ ಬಿದ್ದ ಬಿಸಿಲು ಸುಮಾರು ಮೂರು ಗಂಟೆಯಲ್ಲಿ ಒಳಮೈಯನ್ನು ತಲುಪುತ್ತದೆ. ನಡುಹಗಲ ಕಾವು ಸಂಜೆಯೊಳಗೆ ತಲೆಯ ಮೇಲಿರುತ್ತದೆ, ರಾತ್ರಿಯಾದರೂ ಇಳಿಯುವುದಿಲ್ಲ. ಒಂದು ಅಡಿ ಮಣ್ಣನ್ನು ದಾಟಲು ಅದೇ ಕಾವಿಗೆ ಎಂಟು ಹತ್ತು ಗಂಟೆ ಬೇಕು, ದಾಟುವಷ್ಟರಲ್ಲಿ ಬಹುಪಾಲು ಸೋರಿಹೋಗಿರುತ್ತದೆ. ಅದು ಒಳಗೆ ಬರುವ ಹೊತ್ತಿಗೆ ಹೊರಗೆ ತಂಪು. ಮನೆಯವರು ಹೇಗೂ ಅದೇ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿರುತ್ತಾರೆ. ತಾರಸಿ ಮನೆಯ ಒಳಗೆ ಬೇಸಿಗೆಯ ರಾತ್ರಿ ಮಲಗಲು ಫ್ಯಾನ್ ಬೇಕು, ಫ್ಯಾನಿಗೆ ಕರೆಂಟ್ ಬೇಕು, ಕರೆಂಟ್ ಇರಬೇಕು. ಉಳ್ಳವರು ಏಸಿ ಹಾಕಿಸುತ್ತಾರೆ. ಅದರ ಬಿಸಿಗಾಳಿ ಪಕ್ಕದ ಮನೆಯ ಗೋಡೆಗೆ.

ಇಷ್ಟು ಗುಣವಿದ್ದ ಮನೆಯನ್ನು ಜನ ಏಕೆ ಬಿಟ್ಟರು? ‘ಆಧುನಿಕತೆಯ ಮೋಹ’ ಎಂಬ ಉತ್ತರ ನಮ್ಮಂತಹ ಕೂಟಗಳಲ್ಲಿ ಸುಲಭವಾಗಿ ಬರುತ್ತದೆ. ನನಗೆ ಆ ಉತ್ತರ ಸಾಲದು. ಜನ ಬಿಡಲು ಕಾರಣಗಳಿದ್ದವು, ಅವುಗಳಲ್ಲಿ ಒಂದು ಜೀವಭಯ.

ಒಂದು ಅಡಿ ಮಣ್ಣಿನ ಭಾರವನ್ನು ಲೆಕ್ಕ ಹಾಕಿ ನೋಡಿ: ಚದರ ಮೀಟರಿಗೆ ಸುಮಾರು ಐನೂರು ಕಿಲೋ. ಹತ್ತು ಚದರ ಮೀಟರಿನ ಕೋಣೆಯ ಮೇಲೆ ಐದು ಟನ್. ನಾಲ್ಕು ಇಂಚಿನ ಕಾಂಕ್ರೀಟಿನ ಭಾರ ಇದರ ಸುಮಾರು ಅರ್ಧ. ಪ್ರತಿವರ್ಷ ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ, ಸಡಿಲವಾದ ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸ ಸವಳು ಹರಡಬೇಕು. ಕೆರೆಯುವ ಕೆಲಸ ಬಿಟ್ಟು ವರ್ಷಕ್ಕೆ ಅರ್ಧ ಇಂಚು ಹೊಸದನ್ನಷ್ಟೇ ಸುರಿಯುತ್ತ ಹೋದರೆ ಹತ್ತು ವರ್ಷಕ್ಕೆ ಚದರ ಮೀಟರಿಗೆ ಇನ್ನೂ ಇನ್ನೂರು ಕಿಲೋ ಸೇರುತ್ತದೆ. ಕೆಳಗೆ ಜಂತಿಯನ್ನು ಗೆದ್ದಲು ತಿನ್ನುತ್ತಿರುತ್ತದೆ. ಬದಲಾಯಿಸಲು ಗಟ್ಟಿ ಮರ ಸಿಗುವುದಿಲ್ಲ, ಸಿಕ್ಕರೂ ಕೊಳ್ಳುವಂತಿಲ್ಲ. ಬಿರುಸಾಗಿ ಬಂದು ಹೋಗುವ ಮಳೆಗೆ ಮಾಳಿಗೆ ಹೆದರುವುದಿಲ್ಲ. ಮೂರು ನಾಲ್ಕು ದಿನ ಬಿಡದೆ ಹಿಡಿಯುವ ಜಡಿಮಳೆಗೆ ಮಣ್ಣು ನೀರುಂಡು ಭಾರವಾಗುತ್ತದೆ, ಗೋಡೆಯ ಬುಡ ನೆನೆಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ, ಅವರಲ್ಲಿ ಅನೇಕರ ಸಾವಿಗೆ ಕಾರಣ ಹೊಳೆಯ ನೀರಲ್ಲ, ರಾತ್ರಿ ಕುಸಿದ ಮನೆ. 1993ರ ಸೆಪ್ಟೆಂಬರ್ 30ರಂದು ಲಾತೂರು ಸೀಮೆಯ ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದೂ ಕಲ್ಲು ಮಣ್ಣಿನ ಗೋಡೆ ಮತ್ತು ಇಂತಹದೇ ಭಾರದ ಛಾವಣಿ. ಇದನ್ನು ಹೇಳದೆ ಮಣ್ಣಿನ ಮನೆಯ ತಂಪನ್ನು ಮಾತ್ರ ಹೊಗಳುವುದು ಆ ಮನೆಯಲ್ಲಿ ಮಲಗುವವರಿಗೆ ಮಾಡುವ ಅನ್ಯಾಯ.

ಮಾಳಿಗೆಗೆ ಮಣ್ಣು ಹಾಕುವ ದುಡಿಮೆ ಯಾರದಾಗಿತ್ತು ಎಂಬುದೂ ಪ್ರಶ್ನೆಯೇ. ಗೋಡೆಗೆ ಕೆಮ್ಮಣ್ಣು, ನೆಲಕ್ಕೆ ಸಗಣಿ ಸಾರಿಸುವವರು ಹೆಂಗಸರು. ಈಗ ಬಿತ್ತನೆ ಮುಗಿದೊಡನೆ ಕೂಲಿಗೆ ದೂರದ ಊರುಗಳಿಗೆ ಹೋಗುವ ಕುಟುಂಬಗಳಲ್ಲಿ, ಅದರಲ್ಲೂ ತಾಂಡಾಗಳಲ್ಲಿ, ಮನೆಗೆ ಬೀಗ ಬಿದ್ದಿರುತ್ತದೆ. ನೋಡಿಕೊಳ್ಳುವವರಿಲ್ಲದ ಮಣ್ಣಿನ ಮನೆ ಹೆಚ್ಚು ಮಳೆಗಾಲ ತಾಳುವುದಿಲ್ಲ. ನಮ್ಮ ಹೆಂಚಿನ ಮನೆಯೂ ಅಷ್ಟೇ ಅಲ್ಲವೇ?

ಸರ್ಕಾರದ ಕಾಗದದಲ್ಲಿ ಮನೆಗಳಿಗೆ ಕಚ್ಚಾ, ಪಕ್ಕಾ ಎಂಬ ಹಣೆಪಟ್ಟಿಗಳಿವೆ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಬಡತನದ ಒಂದು ಗುರುತೇ ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದೇ ಕೋಣೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ನೆರವು ಮತ್ತು ಕನಿಷ್ಠ 25 ಚದರ ಮೀಟರ್ ಅಳತೆ ಗೊತ್ತುಮಾಡಿತು. ಅದರ ಮಾರ್ಗಸೂಚಿಯಲ್ಲಿ ಸ್ಥಳೀಯ ಸಾಮಗ್ರಿಗೆ, ಪ್ರದೇಶಕ್ಕೆ ತಕ್ಕ ವಿನ್ಯಾಸಕ್ಕೆ ಅವಕಾಶವಿದೆ. ಇದನ್ನು ದಯವಿಟ್ಟು ಗಮನಿಸಿ. ಆದರೆ ಕಂತಿನ ಹಣ ಪಡೆಯಬೇಕಾದ ಬಡವ ಅಧಿಕಾರಿಯೊಡನೆ ವಾದಿಸಲಾರ. ಎಲ್ಲರೂ ಒಪ್ಪುವ ಇಟ್ಟಿಗೆ, ತಾರಸಿಯನ್ನೇ ಕಟ್ಟುತ್ತಾನೆ. ಹೀಗೆ ಎರಡು ಅಡಿ ಗೋಡೆಯ ಮನೆ ಕಚ್ಚಾ ಆಯಿತು, ಮೇ ತಿಂಗಳಲ್ಲಿ ಒಳಗೆ ಕೂರಲಾಗದ ಮನೆ ಪಕ್ಕಾ ಆಯಿತು.

ಆ ಇಟ್ಟಿಗೆ ಎಲ್ಲಿಂದ ಬರುತ್ತದೆ? ಸಾಧಾರಣ ಮನೆಗೆ ಹತ್ತು ಸಾವಿರ ಇಟ್ಟಿಗೆ, ತಲಾ ಮೂರು ಕಿಲೋ ಎಂದಿಟ್ಟುಕೊಂಡರೆ ಮೂವತ್ತು ಟನ್ ಮಣ್ಣು. ಹೊಲದಿಂದ ಅರ್ಧ ಅಡಿ ಆಳಕ್ಕೆ ತೆಗೆದರೆ ಸುಮಾರು ಒಂದೂವರೆ ಗುಂಟೆಯ ಮೇಲ್ಮಣ್ಣು ಮನೆಯೊಂದಕ್ಕೆ ಹೋಯಿತು. ಸಾವಯವ ಇಂಗಾಲ, ರಂಜಕ, ಸೂಕ್ಷ್ಮಜೀವಿಗಳು ಹೆಚ್ಚಾಗಿ ಇರುವುದು ಆ ಅರ್ಧ ಅಡಿಯಲ್ಲೇ. ಬರಗಾಲದ ವರ್ಷ ಭಟ್ಟಿಯವರಿಗೆ ಮಣ್ಣು ಮಾರುವ ರೈತನಿಗೆ ಕೈಗೆ ಬರುವುದು ಒಂದು ಸಲದ ಹಣ. ಕಳೆದುಕೊಳ್ಳುವುದು ತಲೆಮಾರುಗಳ ಫಸಲು. ಭಟ್ಟಿ ಉರಿಯಲು ಕಟ್ಟಿಗೆ ಬೇಕು. ಬಳ್ಳಾರಿ ಜಾಲಿಯನ್ನು ಸುಟ್ಟರೆ ನನಗೆ ಅಷ್ಟೇನೂ ದುಃಖವಿಲ್ಲ. ಬೇವು, ಹುಣಸೆಗಳೂ ಅದರ ಜೊತೆಗೆ ಹೋಗುತ್ತವೆ ಎಂಬುದೇ ಚಿಂತೆ.

ಹಾಗಾದರೆ ಏನು ಮಾಡಬಹುದು? ಗೋಡೆಯ ಮಟ್ಟಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಶೇಕಡಾ ಏಳೆಂಟು ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ನೀರುಣಿಸಿ ಹದಗೊಳಿಸುವುದು, ಸುಡುವಂತಿಲ್ಲ. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಇಂಧನದಲ್ಲಿ ಅರ್ಧಕ್ಕೂ ಹೆಚ್ಚು ಉಳಿತಾಯ. ಕೂಡ್ಲಿಗಿ, ಹರಪನಹಳ್ಳಿಗಳ ಕೆಂಪು ಮಣ್ಣು ಇದಕ್ಕೆ ಹೇಳಿಮಾಡಿಸಿದಂತಿದೆ. ಮೇಲ್ಮಣ್ಣನ್ನು ಸರಿಸಿಟ್ಟು ಕೆಳಗಿನ ಮಣ್ಣನ್ನು ಬಳಸಬೇಕು. ಪಾಯ ಅಗೆದ ಮಣ್ಣೇ ಗೋಡೆಯ ಒಂದು ಪಾಲಿಗೆ ಒದಗುತ್ತದೆ. ಹಡಗಲಿಯ ಎರೆ ಹೊಲಗಳ ಕಡೆ ಮಾತ್ರ ಇದನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಮರಳು ಬೆರೆಸದೆ, ಸುಣ್ಣದಿಂದ ಪಳಗಿಸದೆ ಎರೆಮಣ್ಣು ಇಟ್ಟಿಗೆಯಾಗದು.

ಛಾವಣಿಯ ಪ್ರಶ್ನೆ ಕಷ್ಟದ್ದು. ಹಳೆಯ ಮರದ ಮಾಳಿಗೆಯನ್ನು ಇನ್ನು ಎಲ್ಲರಿಗೂ ಕಟ್ಟಿಕೊಡಲು ಆಗುವುದಿಲ್ಲ, ನಮ್ಮ ಕಾಡುಗಳಲ್ಲಿ ಅಷ್ಟು ಮರವಿಲ್ಲ. ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದಂತೆ ತಾರಸಿಯ ಕೆಳಭಾಗದಲ್ಲಿ ಹಳೆಯ ಹೆಂಚುಗಳನ್ನು ಹುದುಗಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಕಾವೂ ಕಡಿಮೆ. ಈಗಾಗಲೇ ತಾರಸಿ ಕಟ್ಟಿಕೊಂಡವರಿಗೆ ಅತಿ ಅಗ್ಗದ ಉಪಾಯ ಬೇಸಿಗೆಗೆ ಮುಂಚೆ ಮೇಲೆ ಸುಣ್ಣ ಬಳಿಯುವುದು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಎರಚುತ್ತದೆ. ತೆಲಂಗಾಣ 2023ರಲ್ಲಿ ಇದನ್ನೇ ರಾಜ್ಯದ ನೀತಿಯಾಗಿ ತಂದಿತು; ಅದೇ ಬಿಸಿಲನ್ನು ಉಣ್ಣುವ ನಮ್ಮ ಈ ಸೀಮೆಗೂ ಅಂತಹ ನೀತಿ ಬೇಕೆಂದು ಬಳಗ ಒತ್ತಾಯಿಸಬೇಕು. ಇನ್ನೂ ನಿಂತಿರುವ ಹಳೆಯ ಮಾಳಿಗೆಗಳಿಗಂತೂ ಹೊಸ ಮನೆಯ ನೆರವಿನ ಒಂದು ಸಣ್ಣ ಪಾಲು ದುರಸ್ತಿಗೆ ಸಿಗುವಂತಾದರೆ ಹೆಚ್ಚಿನ ಮಣ್ಣು ಇಳಿಸಿ, ಗೆದ್ದಲು ಹಿಡಿದ ಜಂತಿ ಬದಲಿಸಿ, ಗೋಡೆಯ ಬುಡಕ್ಕೆ ಕಲ್ಲು ಕಟ್ಟಿಕೊಳ್ಳಬಹುದು. ಕೆಡವಿ ಕಟ್ಟಲು ಹಣವಿದೆ, ಉಳಿಸಿಕೊಳ್ಳಲು ಇಲ್ಲ ಎಂಬ ಸ್ಥಿತಿ ನನಗೆ ಅರ್ಥವಾಗುವುದಿಲ್ಲ.

ಕೊಟ್ಟೂರು, ಹರಪನಹಳ್ಳಿಗಳಂತಹ ಪಟ್ಟಣಗಳ ಹೊಸ ಬಡಾವಣೆಗಳ ಬಗೆಗೆ ಒಂದೇ ಮಾತು. ಹಳೆಯ ಓಣಿಗಳು ಇಕ್ಕಟ್ಟಾಗಿದ್ದುದರಿಂದ ಒಂದು ಮನೆಯ ನೆರಳು ಇನ್ನೊಂದರ ಗೋಡೆಗೆ ಬೀಳುತ್ತಿತ್ತು. ನಲವತ್ತು ಅಡಿಯ ರಸ್ತೆ ಬೇಕೆನ್ನುವವರು ಅದರ ಎರಡೂ ಬದಿಗೆ ಹೊಂಗೆ, ಬೇವುಗಳನ್ನು ನಕ್ಷೆಯಲ್ಲೇ ಬರೆಯಲಿ; ಕೆರೆಗೆ ನೀರು ತರುವ ಹಳ್ಳಗಳನ್ನು ನಿವೇಶನವೆಂದು ಬರೆಯದಿರಲಿ.

ಹೊರಗಿನ ಮೇಜಿನ ಮೇಲೆ ಮೂರು ಗಾಜಿನ ಲೋಟಗಳಲ್ಲಿ ಮಳೆನೀರು ಇಟ್ಟಿದ್ದೇನೆ. ಪಕ್ಕದಲ್ಲಿ ಕೆಂಪು, ಎರೆ ಮತ್ತು ಸವಳು ಮಣ್ಣಿನ ಒಣ ಹೆಂಟೆಗಳಿವೆ. ಒಂದೊಂದು ಲೋಟಕ್ಕೆ ಒಂದೊಂದನ್ನು ಹಾಕಿ, ಕಲಕದೆ ಬಿಡಿ. ಚಹಾ ಮುಗಿಯುವಷ್ಟರಲ್ಲಿ ಸವಳಿನ ಸುತ್ತ ಹಾಲಿನ ಬಣ್ಣದ ಮೋಡ ಹಬ್ಬಿರುತ್ತದೆ. ಅದನ್ನು ನೋಡುತ್ತಲೇ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳೋಣ.