ಅಪರಾಧಶಾಸ್ತ್ರದ ವ್ಯಾಸಂಗ: ಮಕ್ಕಳನ್ನು ಸೇರಿಸುವ ಮುನ್ನ
(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ "ಅಪರಾಧಶಾಸ್ತ್ರ ಓದುತ್ತೇನೆ" ಎಂದರೆ ಮನೆಯ ಹಿರಿಯರು ಹೌಹಾರುವುದುಂಟು. "ಕಳ್ಳತನ ಕಲಿಯುವುದಕ್ಕೆ ಕಾಲೇಜು ಬೇಕೆ?" ಎನ್ನುವವರೂ ಇದ್ದಾರೆ. ಈ ವಿದ್ಯೆ ಎಂಥದು, ಇದರಿಂದ ಯಾವ ಕೆಲಸ ಸಿಕ್ಕೀತು, ಯಾವುದು ಸಿಗಲಾರದು ಎಂಬುದನ್ನು ಫೀಜು ಕಟ್ಟುವ ಮೊದಲೇ ತಿಳಿಯುವುದು ಒಳ್ಳೆಯದು.

ಭತ್ತಕ್ಕೆ ಬೆಂಕಿರೋಗ ಬಂದಾಗ ಬರೀ ಔಷಧಿ ಹೊಡೆದರೆ ಸಾಲದು. ಬೀಜ ಎಲ್ಲಿಯದು, ಯೂರಿಯಾ ಎಷ್ಟು ಹಾಕಿದಿರಿ ಎಂದು ವಿಚಾರಿಸುತ್ತೇವೆ. ಈ ಶಾಸ್ತ್ರವೂ ಹಾಗೆಯೇ ವಿಚಾರಿಸುತ್ತದೆ. ಅಪರಾಧ ಏಕೆ ನಡೆಯಿತು? ನೊಂದವರ ಗತಿ ಏನು? ಶಿಕ್ಷೆಯಿಂದ ಮನುಷ್ಯನು ತಿದ್ದಿಕೊಂಡನೇ? ಪೋಲೀಸು, ನ್ಯಾಯಾಲಯ, ಸೆರೆಮನೆಗಳು ಹೇಗೆ ನಡೆಯುತ್ತವೆ? ಇವೇ ಅದರ ಪಾಠಗಳು.

ಇಟಲಿಯ ಬೆಕ್ಕಾರಿಯಾ ಎಂಬಾತನು 1764ರಲ್ಲಿಯೇ, ಶಿಕ್ಷೆ ಘೋರವಾಗಿರುವುದಕ್ಕಿಂತ ತಪ್ಪದೆ ಆಗುವುದೇ ಅಪರಾಧವನ್ನು ಹೆಚ್ಚು ತಡೆಯುತ್ತದೆಂದು ವಾದಿಸಿದನು. ಅದೇ ದೇಶದ ಲೊಂಬ್ರೋಸೋ ಎಂಬ ವೈದ್ಯನು 1876ರಲ್ಲಿ, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ತಲೆಬುರುಡೆ ನೋಡಿ ಗುರುತಿಸಬಹುದು ಎಂದನು. ಮುಂದಿನ ವಿದ್ವಾಂಸರು ಅಳೆದು ನೋಡಿ ಆ ಮಾತನ್ನು ತಳ್ಳಿಹಾಕಿದರು.

ನಮ್ಮ ದೇಶದಲ್ಲಿ ಅಂಥದೇ ತಪ್ಪು ತಿಳಿವಳಿಕೆ ಕಾನೂನೇ ಆಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳಿಗೆ ಕಳ್ಳರೆಂಬ ಹಣೆಪಟ್ಟಿ ಕಟ್ಟಿತು. ಹಾಜರಿ ಹಾಕಬೇಕು, ಅಪ್ಪಣೆ ಇಲ್ಲದೆ ಊರು ಬಿಡಬಾರದು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಎಂಬ ಭಾಗದ ಹೆಸರು ಇಂಥವರನ್ನು ಕೂಡಿಹಾಕಿದ ವಸಾಹತಿನಿಂದ ಬಂದದ್ದು. 1952ರಲ್ಲಿ ಕಾಯಿದೆ ರದ್ದಾಯಿತು. ಮನಸ್ಸಿನ ಸಂಶಯ ರದ್ದಾಗಲಿಲ್ಲ. ಪಂಪುಸೆಟ್ಟು ಕಳುವಾದರೆ ಇಂದಿಗೂ ಊರಾಚೆಯ ಗುಡಾರದ ಕಡೆಗೇ ಮೊದಲು ಬೆರಳು ತೋರಿಸುತ್ತೇವೆ. ಅಂಥ ಹೊತ್ತಿನಲ್ಲಿ "ಸಾಕ್ಷ್ಯ ಎಲ್ಲಿದೆ?" ಎಂದು ಕೇಳುವ ಒಬ್ಬ ಓದಿದ ಹುಡುಗ ಊರಲ್ಲಿದ್ದರೆ ಒಬ್ಬ ನಿರಪರಾಧಿ ಏಟಿನಿಂದ ಉಳಿದಾನು, ನಿಜವಾದ ಕಳ್ಳನೂ ಸಿಕ್ಕಾನು.

ಸಾಕ್ಷ್ಯದ ಬೆಲೆ ಈಗ ಇನ್ನೂ ಹೆಚ್ಚಿದೆ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಗೆ ಬಂದಿವೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ರಾಜ್ಯಗಳು ಐದು ವರ್ಷದೊಳಗೆ ಜಾರಿಗೆ ತರಬೇಕೆಂದು ವಿಧಿಸಿದೆ. ಆದುದರಿಂದ ಕಳವು, ಕೊಲೆ ನಡೆದ ಜಾಗವನ್ನು ಜನ ತುಳಿದಾಡಬಾರದು. ದೂರು ಕೊಟ್ಟವರು ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಬೇಕು.

ಓದುವುದೆಲ್ಲಿ? ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದಲ್ಲಿ 1959ರಲ್ಲಿಯೇ ಈ ವಿಭಾಗ ಆರಂಭವಾಯಿತು. ನಮ್ಮಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ.

ಇನ್ನು ಕೆಲಸದ ಮಾತು. ಇಲ್ಲಿ ಮೋಸಹೋಗುವವರು ಹೆಚ್ಚು.

1. ಈ ಪದವಿಯಿಂದಲೇ ವಕೀಲರಾಗಲು ಬರುವುದಿಲ್ಲ. ಅದಕ್ಕೆ ಕಾನೂನು ಪದವಿ ಬೇರೆಯೇ ಬೇಕು.

2. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವುದೇ ಪದವಿ ನಡೆಯುತ್ತದೆ. ಪರೀಕ್ಷೆ, ದೇಹದಾರ್ಢ್ಯ ಎರಡರಲ್ಲೂ ಗೆಲ್ಲಬೇಕು. "ಇದನ್ನು ಓದಿದರೆ ಪೋಲೀಸು ಕೆಲಸ ಖಂಡಿತ" ಎನ್ನುವವರನ್ನು ನಂಬಬೇಡಿ.

3. ರಕ್ತ, ವಿಷ ಪರೀಕ್ಷಿಸುವ ಪ್ರಯೋಗಾಲಯಕ್ಕೆ ವಿಜ್ಞಾನ ಓದಿರಬೇಕು. ಪಿ.ಯು.ಸಿ.ಯಲ್ಲಿ ವಿಜ್ಞಾನ ಬಿಟ್ಟವರಿಗೆ ಆ ದಾರಿ ಕಷ್ಟ.

4. ಸೆರೆಮನೆ, ಬಾಲಮಂದಿರ, ನೊಂದವರಿಗೆ ನೆರವಾಗುವ ಸಂಸ್ಥೆಗಳಲ್ಲಿ ಈ ವಿದ್ಯೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. 1958ರ ಕಾಯಿದೆಯಂತೆ, ತಪ್ಪು ಮಾಡಿದವರನ್ನು ಸೆರೆಗೆ ಕಳಿಸದೆ ಪರಿವೀಕ್ಷಣೆಯಲ್ಲಿಟ್ಟು ತಿದ್ದುವ ಅಧಿಕಾರಿಗಳೂ ಇದ್ದಾರೆ.

ಖಾಸಗಿ ಕಾಲೇಜಿನ ಫೀಜಿಗಾಗಿ ಜಮೀನು ಒತ್ತೆ ಇಡುವ ಮೊದಲು ನೀವೇ ಹೋಗಿ ಮೂರು ಮಾತು ಕೇಳಿರಿ: ಪದವಿಗೆ ಯು.ಜಿ.ಸಿ. ಮನ್ನಣೆ ಇದೆಯೇ? ಹಾಸ್ಟೆಲು ಸೇರಿ ಒಟ್ಟು ಖರ್ಚೆಷ್ಟು? ಹಿಂದೆ ಓದಿ ಹೋದವರು ಈಗ ಯಾವ ಕೆಲಸದಲ್ಲಿದ್ದಾರೆ? ಬಿತ್ತನೆ ಬೀಜವನ್ನು ಮೊಳಕೆ ಪರೀಕ್ಷೆ ಮಾಡದೆ ಹೊಲಕ್ಕೆ ಹಾಕದ ನೀವು, ಮಕ್ಕಳ ಓದಿನ ವಿಷಯದಲ್ಲಿ ಅಷ್ಟಾದರೂ ಎಚ್ಚರ ವಹಿಸಬೇಕು. ಉತ್ತರ ಸರಿಯಾಗಿದ್ದು ಮಗುವಿಗೆ ಮನಸ್ಸೂ ಇದ್ದರೆ, ಜನರ ಮಾತಿಗೆ ಅಂಜದೆ ಓದಿಸಿರಿ.